ಉತ್ತರದ ಸಾಲು

ಬೆಳಗಿನ ಐದೂಕಾಲು. ಹಾರ್ಮೋನಿಯಂ ಹೊತ್ತು ಎಪ್ಪತ್ತೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಪೆಟ್ಟಿಗೆಯಣ್ಣನವರಿಗೆ ಏದುಸಿರು. ನಾಲ್ಕನೇ ಮಹಡಿಯ ದರ್ಜಿಯ ಮನೆಯಲ್ಲಿ ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದಾರೆ. ಹಾಡು ಶುರುವಾಗುತ್ತದೆ. ಆ ಮನೆಯ ಅಜ್ಜ ಎಲ್ಲರಿಗಿಂತ ಒಂದು ಸಾಲು ಹಿಂದೆ. ಆಮೆನ್ ಹೇಳುವುದರಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ. ಮಕ್ಕಳು ಕಿಸಕ್ಕನೆ ನಗುತ್ತಾರೆ, ಯಾರೂ ಗದರುವುದಿಲ್ಲ.

ಹಗಲೆಲ್ಲ ಡಿಪೋದಲ್ಲಿ ಬಸ್ ತೊಳೆಯುವ ಅಣ್ಣ, ಇಪ್ಪತ್ತಾರು ವರ್ಷಗಳಿಂದ ಕೆಲಸಕ್ಕೆ ಮುಂಚೆ ಮನೆಮನೆಗೆ ಹೋಗಿ ಕುಟುಂಬ ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸುತ್ತಾರೆ. ಗಂಡಸರದು ಒಂದು ಸಾಲು, ಹೆಂಗಸರು ಮಕ್ಕಳದು ಉತ್ತರದ ಸಾಲು. ಉತ್ತರ ಬರುವವರೆಗೆ ಅಣ್ಣ ಸ್ವರದ ಮೇಲಿಂದ ಬೆರಳೆತ್ತುವುದಿಲ್ಲ. “ನಿದ್ದೆಗಣ್ಣಲ್ಲಿರೋ ಮಕ್ಕಳೂ ಕೊನೆಗೆ ಬಾಯಿ ಬಿಡಲೇಬೇಕು. ನನಗೆ ಕೆಲಸಕ್ಕೆ ಹೊತ್ತಾದ್ರೂ ಪರವಾಗಿಲ್ಲ, ಬಿಡಲ್ಲ ನಾನು,” ಎನ್ನುತ್ತಾರೆ.

ಮೊದಲು ವಾರಕ್ಕೆ ಏಳು ಮನೆ, ಈಗ ಮೂರೇ ಮೂರು. ಉಳಿದವರು ಫೋನಿನಲ್ಲಿ ಹಾಡು ಹಾಕಿಕೊಂಡು ಹಲ್ಲುಜ್ಜುತ್ತಾರೆ. ಆ ಬೇಸರವನ್ನು ಅಣ್ಣ ಹೇಗೋ ನುಂಗಿಕೊಂಡಿದ್ದಾರೆ. ನುಂಗಲಾಗದ್ದು ಅವರ ಸ್ವಂತ ಮನೆಯಲ್ಲಿದೆ.

ಚರ್ಚಿನಲ್ಲಿ ಉತ್ತರದ ಸಾಲು ಎತ್ತಿಕೊಡುತ್ತಿದ್ದವರು ಅಣ್ಣನ ಹೆಂಡತಿ. ಎರಡು ವರ್ಷದ ಹಿಂದೆ ಹತ್ತೊಂಬತ್ತರ ಮಗಳು ಮೂರೇ ದಿನದ ಜ್ವರಕ್ಕೆ ತೀರಿಕೊಂಡಳು. ಮಣ್ಣು ಮಾಡಿದ ದಿನ ಅವಳಿಗೆ ಇಷ್ಟವಾಗಿದ್ದ ಸ್ತುತಿಗೀತೆಯನ್ನೇ ಅಪ್ಪ ನುಡಿಸಿದರು. ಗಂಡಸರ ಸಾಲು ಮುಗಿಯಿತು. ರೂಢಿಯಂತೆ ಬೆರಳು ಸ್ವರದ ಮೇಲೇ ನಿಂತಿತು. ಚರ್ಚಿನಲ್ಲಿದ್ದವರೆಲ್ಲ ಹೆತ್ತ ತಾಯಿಯ ಕಡೆ ತಿರುಗಿದರು. ಆಕೆ ಬಾಯಿ ತೆರೆದರು, ದನಿ ಬರಲಿಲ್ಲ. ಸ್ವರ ಮಾತ್ರ ನಿಲ್ಲಲಿಲ್ಲ. ಆಕೆ ಕೈಯಿಂದ ಬಾಯಿ ಮುಚ್ಚಿಕೊಂಡು ಎದ್ದು ಹೊರಗೆ ಹೋದರು. ಅಂದಿನಿಂದ ಹಾಡಿಲ್ಲ.

“ಮಗಳ ಶವಪೆಟ್ಟಿಗೆ ಮುಂದೆ ಹೆತ್ತವಳನ್ನ ಪಾಠ ಒಪ್ಪಿಸು ಅಂತ ನಿಲ್ಲಿಸಿದ ಹಾಗಾಯ್ತು,” ಎಂದು ಅಣ್ಣ ತಮ್ಮ ತೋರುಬೆರಳನ್ನೇ ನೋಡುತ್ತಾರೆ. “ಒಂದು ಬೆರಳು ಎತ್ತೋಕೆ ಎಷ್ಟು ಹೊತ್ತು ಹೇಳಿ? ಎತ್ತಲಿಲ್ಲ.”

ಕ್ಷಮೆ ಕೇಳಿದ್ದಾರೆ, ಒಂದಲ್ಲ ಹತ್ತು ಸಲ. ಆಕೆ ಬೈದಿಲ್ಲ, ಜಗಳವಾಡಿಲ್ಲ. ಊಟ ಬಡಿಸುತ್ತಾರೆ, ಅಂಗಿಯ ಗುಂಡಿ ಹೊಲಿದುಕೊಡುತ್ತಾರೆ. ಸಂಜೆ ಅಣ್ಣ ಹಾರ್ಮೋನಿಯಂ ಪೆಟ್ಟಿಗೆ ತೆರೆದರೆ ಸಾಕು, ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಾರೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುವ ಸದ್ದು ಹಾಡು ಮುಗಿಯುವವರೆಗೂ ಕೇಳುತ್ತದೆ. ಊರ ಮನೆಗಳಿಗೆಲ್ಲ ಹಿಗ್ಗು ಹೊತ್ತು ತಿರುಗುವ ಮನುಷ್ಯನಿಗೆ ತನ್ನ ಮನೆಯಲ್ಲಿ ಸಿಗುವುದು ಅಷ್ಟೇ.

ಹಾಗಾದರೆ ಮನೆಯಲ್ಲಿ ನುಡಿಸುವುದೇಕೆ ಎಂದರೆ ಅಣ್ಣ ಹಾರ್ಮೋನಿಯಂ ಮುಚ್ಚಳದ ಧೂಳು ಒರೆಸುತ್ತಾ ಹೇಳುತ್ತಾರೆ:

“ಈಗ ಮನೇಲಿ ಸ್ವರ ಹಿಡಿದು ಕಾಯಲ್ಲ ನಾನು. ನನ್ನ ಸಾಲು ಹಾಡಿ, ಅವಳ ಸಾಲನ್ನೂ ನಾನೇ ಹಾಡ್ತೀನಿ. ದನಿ ಅಷ್ಟು ಮೇಲಕ್ಕೆ ಹೋಗಲ್ಲ, ಒಡೆಯುತ್ತೆ. ಒಂದಿನ ಅವಳು ಒಳಗಿಂದ್ಲೇ, ‘ಬಿಡಿ, ಅದು ನನ್ನ ಸಾಲು’ ಅಂತ ರೇಗಿದ್ರೆ ಸಾಕು.”