ಟ್ಯಾಂಕಿಗೂ ಒಲೆಗೂ ನಡುವೆ ಮಲ್ಲಿಗಮ್ಮ

ಹರವೆಯ ಮಲ್ಲಿಗಮ್ಮನ ಬಲಭುಜ ಈಗ ಎಡಭುಜಕ್ಕಿಂತ ತಗ್ಗಿದೆ. ವಯಸ್ಸಾಯಿತು ಅಂದುಕೊಳ್ಳಬೇಡಿ, ಅದು ಬಿಸಿನೀರಿನ ಭಾರ.

ಆಕೆ ಊರಿನ ಮಹಿಳಾ ಸಂಘದ ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವಳು. ಸೌದೆ ಉಳಿಯಲಿ, ಹೊಗೆ ಕಡಿಮೆಯಾಗಲಿ ಎಂದು ಎರಡು ಪರದೇಶದ ಸಂಸ್ಥೆಗಳು ಕೈಜೋಡಿಸಿದ್ದವು. ಒಂದು ದೇಶದವರು ಹೊರಗೆ ಸೋಲಾರ್ ಬಿಸಿನೀರಿನ ಟ್ಯಾಂಕ್ ನಿಲ್ಲಿಸಿದರು. ಇನ್ನೊಂದು ದೇಶದವರು ಒಳಗೆ ಕಡಿಮೆ ಸೌದೆ ತಿನ್ನುವ ಒಲೆ ಕಟ್ಟಿಸಿದರು. ಟ್ಯಾಂಕಿನ ನೀರು ಒಲೆಯ ಮೇಲೆ ಗೂಡು ಬೇಯಿಸುವ ಬಾನಿಗೆ ಬರಬೇಕು. ಬರಲು ಬೇಕಾದ ಪೈಪು ಮಾತ್ರ ಯಾರ ಪಾಲಿಗೂ ಸೇರಿರಲಿಲ್ಲ. ಮಲ್ಲಿಗಮ್ಮ ಬಕೆಟ್ಟಿನಲ್ಲಿ ಹೊತ್ತಳು, ಬೆಳಗಿನಿಂದ ಸಂಜೆವರೆಗೆ, ವರ್ಷಗಟ್ಟಲೆ.

“ನಾವೇ ಒಂದು ಪೈಪ್ ಹಾಕ್ಸ್‌ಬುಡನ ಕಣಪ್ಪ,” ಎಂದರೆ, ಯೋಜನೆ ನೋಡಿಕೊಳ್ಳುವ ಶಾಂತರಾಜು ಕೈಮುಗಿಯುತ್ತಿದ್ದ. “ಮುಟ್‌ಬ್ಯಾಡಿ ಅಕ್ಕ. ಯಾರ್ದು ಮುಟ್ಟುದ್ರೂ ಗ್ಯಾರಂಟಿ ಓಯ್ತದೆ. ಎರಡೂ ದೇಶದೋರು ಒಟ್ಗೆ ನೋಡಕ್ ಬತ್ತಾರಲ್ಲ, ಆಗ ನೀವೇ ಕೇಳ್ಬುಡಿ.”

ಇಬ್ಬರೂ ಬರುವ ದಿನ ಬಂತು. ನೆಂಟರು ಬರುವಾಗ ನೆಲ ಒದ್ದೆಯಿದ್ದರೆ ಹೇಗೆ? ಮಲ್ಲಿಗಮ್ಮ ಬೆಳಗ್ಗೆಯೇ ನೀರೆಲ್ಲ ಹೊತ್ತು ಬಾನಿ ತುಂಬಿಸಿ, ಬಕೆಟ್ಟುಗಳನ್ನು ಹಿತ್ತಲಲ್ಲಿ ಬೋರಲು ಹಾಕಿ, ನೆಲ ಒರೆಸಿ ರಂಗೋಲಿ ಬಿಟ್ಟಳು. ಬಂದವರು ಹಬೆಯಾಡುವ ಬಾನಿ ನೋಡಿದರು, ಒಣಗಿದ ನೆಲ ನೋಡಿದರು, ತಲೆದೂಗಿ ಒಬ್ಬರ ಕೈ ಒಬ್ಬರು ಕುಲುಕಿದರು.

“ಈಗ ಕೇಳಕ್ಕೋ,” ಎಂದು ಜೊತೆ ಕೆಲಸದ ಬಸವಮ್ಮ ತಿವಿದಳು.

“ಸುಮ್ಕಿರು. ಬಂದೋರು ಒಂದ್ ಗುಟುಕು ಟೀ ಕುಡಿಯೋದ್ರೊಳ್ಗೆ ಕಷ್ಟ ಹೇಳ್ಕಂಡ್ ನಿಂತ್ಕಳದಾ?”

ಟೀ ಕುಡಿದರು. ಲೋಟ ಇಡುತ್ತಲೇ ಗುಂಡ್ಲುಪೇಟೆಯ ಸಭೆಗೆ ಹೊತ್ತಾಯಿತೆಂದು ಕಾರು ಹತ್ತಿದರು.

“ಚೆಂದಾಗಿ ರಂಗೋಲಿ ಬುಟ್ಟಿದ್ದೀಯಲ್ಲ, ಅದ್ನೇ ಕೇಳು ಪೈಪ,” ಎಂದಳು ಬಸವಮ್ಮ. ಮಲ್ಲಿಗಮ್ಮ ಹಿತ್ತಲಿಂದ ಬಕೆಟ್ ತಂದಳು.

ಹರವೆಯಲ್ಲಿ ಎಲ್ಲ ಚೆನ್ನಾಗಿ ನಡೆದಿದೆ, ಹರದನಹಳ್ಳಿಯಲ್ಲೂ ಹೀಗೇ ಮಾಡೋಣ ಎಂದು ಎರಡೂ ಕಡೆಯವರು ಒಪ್ಪಿದರಂತೆ. ಅಲ್ಲಿನ ಸಂಘದ ಸುಧಾಮಣಿ ನೋಡಿಹೋಗಲು ಬಂದಳು. ಅವತ್ತು ನೆಲವೆಲ್ಲ ಒದ್ದೆ.

“ಭಾರೀ ಚೆಂದಾಗದೆ ಅಂದ್ರಲ್ಲಕ್ಕ?”

ಮಲ್ಲಿಗಮ್ಮ ತುಂಬಿದ ಬಕೆಟ್ಟನ್ನು ಅವಳ ಕೈಗಿಟ್ಟಳು. “ಒಳೀಕೆ ತಕ್ಕೊಂಡೋಗಿ ಬಾನಿಗೆ ಉಯ್ಯಮ್ಮಿ. ಟೀ ಆಮ್ಯಾಕೆ.”

ಸುಧಾಮಣಿ ಏದುಸಿರು ಬಿಡುತ್ತ ಹೊರಬಂದವಳೇ ಫೋನ್ ತೆಗೆದಳು. “ಶಾಂತರಾಜಣ್ಣ, ಪೈಪ್ ಇಲ್ದಿದ್ರೆ ನಮ್ಮೂರ್ಗೆ ಇದ್ ಬ್ಯಾಡ.”

“ನಮ್ ಹರವೇಗೂ ಪೈಪ್ ಬೇಕು ಅಂತ ಸೇರ್ಸಮ್ಮಿ,” ಎಂದು ಮಲ್ಲಿಗಮ್ಮ ಇನ್ನೊಂದು ಬಕೆಟ್ಟನ್ನು ಟ್ಯಾಂಕಿನ ನಲ್ಲಿಯ ಕೆಳಗಿಟ್ಟಳು.