ಕೈ ಹಿಡಿಯುವ ದೃಶ್ಯ

“ಅಕ್ಕಾ, ನಿನ್ನನ್ನು ಬಿಟ್ಟು ನಾನು ಹೇಗೆ ಬದುಕಲಿ?” ಎಂದುಬಿಟ್ಟ ಗಣಪತಿ. ‘ಪ್ರಿಯೆ’ ಎನ್ನಬೇಕಿತ್ತು. ಭಾವಿಕೇರಿ ಶಾಲೆಯ ಜಗಲಿಯಲ್ಲಿ ನಮ್ಮೂರ ನಾಟಕದ ತಾಲೀಮು ನಡೆದಿತ್ತು. ಅವನ ಹೆಂಡತಿಯ ಪಾತ್ರದಲ್ಲಿ ಎದುರಿಗೆ ನಿಂತವಳು ಅಂಗನವಾಡಿಯ ಶಾರದಕ್ಕ.

ನಮ್ಮದು ಗಂಡಸರದೇ ತಂಡ. ಪ್ರತಿವರ್ಷ ಲೇಡಿ ಪಾರ್ಟಿಗೆ, ಅಂದರೆ ಹೆಣ್ಣಿನ ಪಾತ್ರಕ್ಕೆ, ಹೊರಗಿನಿಂದ ನಟಿಯನ್ನು ಕರೆಸುತ್ತಿದ್ದೆವು. ನಾಟಕದ ದಿನವೇ ಬಂದು, ಆಡಿ, ಹೊರಟುಹೋಗುತ್ತಿದ್ದಳು. ಊರಿನ ಹೆಂಗಸೊಬ್ಬಳು ತಾಲೀಮಿಗೆ ಬಂದದ್ದು ಈ ಸಲವೇ ಮೊದಲು. ಅವಳು ಬಂದಾಗಿನಿಂದ ನಮ್ಮವರ ತಮಾಷೆ ನಿಂತಿತ್ತು. ಕೈ ಹಿಡಿಯುವ ದೃಶ್ಯ ಬಂದರೆ ಗಣಪತಿ, ಸೆರಗೂ ತಾಗಬಾರದು ಎಂಬಂತೆ ಮಾರು ದೂರ ನಿಲ್ಲುತ್ತಿದ್ದ. ಇದು ಆಗುವ ಕೆಲಸವಲ್ಲ, ಹೊರಗಿನವಳನ್ನೇ ಕರೆಸಿಬಿಡೋಣ ಎಂದು ನಿರ್ದೇಶಕನಾದ ನಾನೂ ಒಳಗೊಳಗೇ ಅಂದುಕೊಂಡಿದ್ದೆ.

ಗಣಪತಿಯ ‘ಅಕ್ಕಾ’ ಕೇಳಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಬೆವರಿಹೋದ. ಶಾರದಕ್ಕ ಮಾತ್ರ ನಗಲಿಲ್ಲ.

“ಹೊರಗಿಂದ ಬತ್ತಿದ್ರಲ್ಲ, ಅವ್ರ ಕೈ ಹಿಡೂಕೆ ನಿಂಗೆ ನಾಚ್ಕೆ ಆಗ್ಲಿಲ್ಲ. ಅವ್ರೂ ಯಾರಿಗೋ ಅಕ್ಕನೇ ಅಲ್ವಾ, ತಮ್ಮಾ?” ಎಂದಳು. ನಗು ನಿಂತುಹೋಯಿತು. ಅವಳೇ ಕೈ ಮುಂದೆ ಚಾಚಿ, “ಹಿಡಿ. ಇದು ನಾಟ್ಕ” ಎಂದಳು.

ಗಣಪತಿ ಕೈ ಹಿಡಿದ. ಈ ಸಲ ‘ಪ್ರಿಯೆ’ ಎಂದೇ ಹೇಳಿದ. ದನಿ ನಡುಗುತ್ತಿತ್ತು. ಆ ಮಾತಿಗೆ ಬೇಕಾಗಿದ್ದ ನಡುಕವೂ ಅದೇ ಆಗಿತ್ತು.

ಮನೆಗೆ ಬಂದು, ಹದಿನೈದು ವರ್ಷಗಳಲ್ಲಿ ನಮ್ಮ ಜೊತೆ ಆಡಿಹೋದ ನಟಿಯರನ್ನು ನೆನೆಯುತ್ತ ಕುಳಿತೆ. ಅವರು ಮಾಡಿದ ಪಾತ್ರಗಳ ಹೆಸರೆಲ್ಲ ನೆನಪಾದವು. ಅವರ ಸ್ವಂತ ಹೆಸರೊಂದೂ ನೆನಪಾಗಲಿಲ್ಲ.