ಕಾಲೇಜಿನ ಬಯಲಲ್ಲಿ ನಿಂತ ಕುರಿಗಳು

ಅಷ್ಟು ದೊಡ್ಡ ಬಯಲು, ಒಂದು ಕಾಳು ಬಿತ್ತಿಲ್ಲ, ಒಂದು ಕುರಿ ಮೇಯುತ್ತಿಲ್ಲ! ಚಿತ್ರದುರ್ಗದ ಕಾಲೇಜಿಗೆ ಸೇರಿದ ದಿನ ನಾನು ಬಾಯಿ ಬಿಟ್ಟುಕೊಂಡು ನಿಂತದ್ದು ಅದನ್ನು ನೋಡಿ. ಕೋಟೆ ಕಣ್ಣಿಗೆ ಬಿದ್ದದ್ದು ಆಮೇಲೆ. ಪಕ್ಕದಲ್ಲಿದ್ದ ಹುಡುಗನನ್ನು "ಇದು ಯಾರ ಹೊಲ?" ಎಂದು ಕೇಳಿದ್ದಕ್ಕೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಹೊಲ ಅಲ್ಲ ಕಣಲೇ, ಫೀಲ್ಡು. ಆಟ ಆಡಾಕೆ."

ಆಡುವುದಕ್ಕೆಂದೇ ಭೂಮಿ ಬಿಟ್ಟಿದ್ದಾರೆ ಎಂದರೆ ನಮ್ಮೂರು ಹರಿಯಬ್ಬೆ ಕಡೆಯವರು ನೀವು ಯಾರಾದರೂ ನಂಬುತ್ತೀರಾ? ನಾನಂತೂ ನಂಬಲಿಲ್ಲ. ಮಳೆ ಬಿದ್ದ ಮೇಲಾದರೂ ನೇಗಿಲು ಹೂಡುತ್ತಾರೆ ಎಂದುಕೊಂಡು ಕಾದೆ. ಮಳೆ ಬಿತ್ತು, ಹುಡುಗರು ಕೆಸರಿನಲ್ಲೇ ಚೆಂಡು ಒದ್ದರು.

ನಕ್ಕವನು ಹೊಳಲ್ಕೆರೆಯ ಚಂದ್ರಪ್ಪ. ಹಾಸ್ಟೆಲಿನಲ್ಲಿ ಅವನೇ ನನ್ನ ಕೋಣೆಗೆ ಗಂಟುಬಿದ್ದ. ನಮ್ಮ ಮನೆತನದಲ್ಲಿ ಕಾಲೇಜಿನ ಮಾತು ಹಾಗಿರಲಿ, ಮೂರನೇ ತರಗತಿ ದಾಟಿದವರೇ ಇರಲಿಲ್ಲ. ಅಪ್ಪ, ಅವ್ವ ಕುರಿಗಳ ಹಿಂದೆ ಊರೂರು ತಿರುಗುವಾಗ ನಾನು ಹರಿಯಬ್ಬೆಯಲ್ಲಿ ಅಜ್ಜಿಯ ಹತ್ತಿರ ಉಳಿದು ಓದಿದೆ. ಅಜ್ಜಿ ಸತ್ತಳು, ನಾನು ಪಾಸಾದೆ, ಊರಿನ ಮೇಷ್ಟ್ರು ಹಿಡಿದುಕೊಂಡು ಬಂದು ಇಲ್ಲಿ ಸೇರಿಸಿದರು. ಅಪ್ಪನಿಗೆ ಸುದ್ದಿ ಮುಟ್ಟಿದ್ದೇ ಎಷ್ಟೋ ದಿನ ಕಳೆದ ಮೇಲೆ.

ಮೊದಲೆಲ್ಲ ರಜೆಗೆ ಅಪ್ಪನ ಹತ್ತಿರ ಹೋಗಿ ಕುರಿ ಮಂದೆಯ ಪಕ್ಕ ಕಂಬಳಿ ಹೊದ್ದು ಮಲಗಿದರೆ ಮೇಲೆ ಚುಕ್ಕಿ, ಮಗ್ಗುಲಲ್ಲಿ ಕುರಿಗಳು ಮೆಲುಕು ಹಾಕುವ ಸದ್ದು. ಇಲ್ಲಿ ಕಬ್ಬಿಣದ ಮಂಚ, ಮೈ ಹೊರಳಿಸಿದರೆ ಕಿರುಗುಟ್ಟುತ್ತಿತ್ತು. ನಾನು ಕಂಬಳಿ ಬಿಚ್ಚಿದ ಕೂಡಲೇ ಹುಡುಗರು ಮೂಗು ಮುಚ್ಚಿಕೊಂಡರು. ಸಿಟ್ಟು ನೆತ್ತಿಗೇರಿತು. ಬಾಯಿ ತೆಗೆದರೆ ಇನ್ನೊಂದು ಪಜೀತಿ: ಆಂಧ್ರದ ಗಡಿ, ಧರ್ಮಪುರದ ಕಡೆಯ ನಮ್ಮ ಮಾತಿನಲ್ಲಿ ಅರ್ಧ ತೆಲುಗು. ಊಟಕ್ಕೆ ಎರಡು ಹೊತ್ತೂ ಅನ್ನ. ಬಡಿಸುವಾತನನ್ನು ಮುದ್ದೆ ಕೇಳಿದರೆ "ಭಾನುವಾರ ಬಾರಪ್ಪ" ಎನ್ನುತ್ತಿದ್ದ. ಹೊಟ್ಟೆ ತುಂಬುತ್ತಿತ್ತು, ಉಂಡಂತೆ ಮಾತ್ರ ಆಗುತ್ತಿರಲಿಲ್ಲ. ಆದರೂ ಅದು ಬಿಟ್ಟಿ ಊಟ, ಸರ್ಕಾರದ್ದು. ಅದನ್ನು ಯಾವತ್ತೂ ಮರೆತಿಲ್ಲ.

ಒಂದು ದಿನ ಇಂಗ್ಲಿಷ್ ಮೇಷ್ಟ್ರು ಕೇಳಿದ ಪ್ರಶ್ನೆಗೆ ಎದ್ದು ನಿಂತು ಇಂಗ್ಲಿಷಿನಲ್ಲೇ ಉತ್ತರ ಹೇಳಿದೆ. ಅವರು "ಗುಡ್" ಎಂದರು. ಮೂಗು ಮುಚ್ಚಿಕೊಂಡವರೇ ತಿರುಗಿ ನೋಡಿದರು. ಸಂಜೆ ಹಿಗ್ಗು ತಡೆಯಲಾರದೆ ಆ ಬಯಲನ್ನು ಸುಮ್ಮನೆ ಸುತ್ತು ಹೊಡೆದೆ. ಯಾರಿಗೆ ಹೇಳಲಿ? ಅಪ್ಪ ಆಗ ಭರಮಸಾಗರದ ಕಡೆಗಿದ್ದನೋ ಹೊಸದುರ್ಗದ ಕಡೆಗಿದ್ದನೋ. ಕುರಿ ಹಿಂದೆ ಹೋದವರಿಗೆ ವಿಳಾಸ ಎಲ್ಲಿಂದ ಬರಬೇಕು? ಕತ್ತಲಾಗುವ ತನಕ ಕೂತು ಅತ್ತೆ.

ಮುಂದಿನದನ್ನು ಹೇಳುವ ಮೊದಲು ನಮ್ಮವರ ಪದ್ಧತಿಯೊಂದನ್ನು ಹೇಳಬೇಕು, ಪೇಟೆಯವರೂ ಓದುತ್ತೀರಲ್ಲ. ಬೆಳೆ ಕೊಯ್ದ ಮೇಲೆ ರೈತರು ಕುರಿಯವರನ್ನು ಕರೆದು ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಕುರಿ ಹಿಕ್ಕೆ ಬಿದ್ದ ನೆಲಕ್ಕೆ ಬೇರೆ ಗೊಬ್ಬರ ಬೇಡ. ಅದಕ್ಕೆ ಪ್ರತಿಯಾಗಿ ಕಾಳು ಕೊಡುತ್ತಾರೆ. ಅಪ್ಪ ಮಾತ್ರ ಇದಕ್ಕೆ ತನ್ನದೊಂದು ಕಟ್ಟಳೆ ಸೇರಿಸಿಕೊಂಡಿದ್ದ. ಯಾರ ಮನೆಯಲ್ಲಿ ಉಂಡನೋ ಅವರ ಹೊಲದಲ್ಲಿ ಒಂದು ರಾತ್ರಿ ಕುರಿ ನಿಲ್ಲಿಸಲೇಬೇಕು, ಕಾಳು ಮುಟ್ಟಬಾರದು. ಕುರಿ ನಿಲ್ಲಿಸಲು ನೆಲವಿಲ್ಲದವರ ಮನೆಯಲ್ಲಿ ಅವನು ನೀರು ಕುಡಿದು ಎದ್ದುಬಿಡುತ್ತಿದ್ದ.

ಸಂಕ್ರಾಂತಿ ಕಳೆದಿತ್ತು. ಬೆಳಿಗ್ಗೆ ಚಂದ್ರಪ್ಪ ನನ್ನನ್ನು ಅಲ್ಲಾಡಿಸಿ ಎಬ್ಬಿಸಿದ. "ಎದ್ದೇಳಲೇ, ಫೀಲ್ಡ್ ತುಂಬ ಕುರಿ ಅವೆ!"

ಓಡಿದೆ. ಬಯಲ ನಡುವೆ ಬಲೆ ಕಟ್ಟಿ ನಿಲ್ಲಿಸಿದ ನಮ್ಮ ಕುರಿಗಳು. ನಮ್ಮ ನಾಯಿ ನನ್ನ ಗುರುತು ಹಿಡಿದು ಮೈಮೇಲೆ ಹಾರಿತು. ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಗುತ್ತಾ ನಿಂತಿದ್ದ. ಎದುರಿಗೆ ಪ್ರಿನ್ಸಿಪಾಲರು, ಮುಖ ಕೆಂಪಗಾಗಿತ್ತು. ಆವತ್ತೇ ಕಾಲೇಜಿನ ಆಟೋಟದ ಸ್ಪರ್ಧೆ, ಸುಣ್ಣದ ಗೆರೆ ಎಳೆದಿದ್ದರು. ಗೆರೆಯೆಲ್ಲ ಹಿಕ್ಕೆಯಲ್ಲಿ ಮುಚ್ಚಿಹೋಗಿತ್ತು.

"ಯಾರಯ್ಯಾ ನಿನ್ನನ್ನ ಇಲ್ಲಿ ಬಿಟ್ಟವರು?"

"ಯಾರೂ ಬಿಡ್ಲಿಲ್ಲ ಸ್ವಾಮಿ, ನಾನೇ ಬಂದೆ. ನನ್ ಮಗ ನಿಮ್ಮನ್ಯಾಗೆ ಉಣ್ತಾನೆ. ಅದ್ಕೇ ಒಂದು ರಾತ್ರಿ ನಿಲ್ಸೀನಿ. ಏನೂ ಕೊಡ್ಬ್ಯಾಡ್ರಿ. ಒಳ್ಳೆ ನೆಲ, ಪಾಪ, ಯಾರೂ ಗೊಬ್ಬರ ಕಾಣ್ಸಿಲ್ಲ."

ಸುತ್ತ ನಿಂತ ಹುಡುಗರು ಗೊಳ್ಳೆಂದು ನಕ್ಕರು.

"ಯಾರು ಇವನ ಮಗ?"

"ನಾನು ಸಾರ್," ಎಂದು ಮುಂದೆ ಬಂದೆ. "ಇವರು ನಮ್ಮಪ್ಪ."

ಪ್ರಿನ್ಸಿಪಾಲರು ನನ್ನನ್ನೂ ಅಪ್ಪನನ್ನೂ ಒಂದು ಗಳಿಗೆ ನೋಡಿದರು. ಕೆಟ್ಟವರಲ್ಲ, ದನಿ ತಗ್ಗಿಸಿಯೇ ಹೇಳಿದರು. "ಕುರಿ ಹೊಡಕೊಂಡು ಹೋಗಲಿ. ನೀನು ಇದನ್ನೆಲ್ಲ ಗುಡಿಸಿ ಕಾಂಪೌಂಡಿನ ಆಚೆ ಹಾಕು. ಅತಿಥಿಗಳು ಬರೋ ಹೊತ್ತಾಯ್ತು."

ಪೊರಕೆ ಬಂತು. ಚಂದ್ರಪ್ಪನೂ ಒಂದು ಹಿಡಿದುಕೊಂಡ, ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ. ನಾವು ಗುಡಿಸತೊಡಗಿದಾಗ ಅಪ್ಪನ ಮುಖದ ನಗು ಅಳಿಸಿಹೋಯಿತು. ಹೊಲದಲ್ಲಿ ಬಿದ್ದ ಹಿಕ್ಕೆಯನ್ನು ಗುಡಿಸಿ ಆಚೆ ಎಸೆಯುವುದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಬಡಿಸಿದ ಅನ್ನವನ್ನು ಎದುರಿಗೇ ತಿಪ್ಪೆಗೆ ಸುರಿದ ಹಾಗೆ ಅದು. ಬಲೆ ಬಿಚ್ಚಿ ಸುತ್ತಿಕೊಂಡ. ನಾನು ಗೇಟಿನ ತನಕ ಜೊತೆಗೆ ಹೋದೆ.

"ಅಪ್ಪ, ಒಂದಿನ ಮೇಷ್ಟ್ರು ನನ್ನನ್ನ ಹೊಗಳಿದ್ರು," ಎಂದೆ. ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು, ಆ ಹೊತ್ತಿನಲ್ಲಿ ಬಾಯಿಗೆ ಬಂತು.

ಅಪ್ಪ ನನ್ನ ತಲೆ ಸವರಿದ. "ನಮ್ದು ಏನೂ ಬ್ಯಾಡಂತೆ ಕಣಪ್ಪ ಇವ್ರಿಗೆ. ನೀನೊಬ್ಬ ಬೇಕಂತೆ. ಇರು."

ಕುರಿಗಳು ಹಿರಿಯೂರು ರಸ್ತೆಗೆ ಇಳಿದವು. ನಾನು ಪೊರಕೆ ಹಿಡಿದುಕೊಂಡು ವಾಪಸು ಬಂದೆ.

ಪದವಿ ಆಯಿತು. ಚಿತ್ರದುರ್ಗದಲ್ಲೇ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಬಾಡಿಗೆ ಮನೆ ಹಿಡಿದೆ. ಈಗ ಮಂಚವಿಲ್ಲದೆ ನಿದ್ದೆ ಬಾರದು. ಊರಿಗೆ ಹೋದರೆ "ದುರ್ಗದವನು ಬಂದ" ಎನ್ನುತ್ತೀರಿ, ಇಲ್ಲಿ ನಾನು ಕುರಿಯವರ ಹುಡುಗ. ಅಪ್ಪ ಮಾತ್ರ ನನ್ನ ಮನೆಗೆ ಬಂದರೆ ನಿಂತುಕೊಂಡೇ ನೀರು ಕುಡಿದು ಹೊರಡುತ್ತಿದ್ದ. ಸ್ವಂತ ಮಗನ ಮನೆಯಲ್ಲಿ! ನನಗೆ ಎಷ್ಟು ಉರಿಯುತ್ತಿತ್ತು ಎಂದು ಹೇಳಲಾರೆ. ಅವನು ಒಮ್ಮೆ ನಮ್ಮ ಮನೆಯಲ್ಲಿ ಕೂತು ಉಣ್ಣಲಿ ಎನ್ನುವುದನ್ನು ಬಿಟ್ಟರೆ ಬೇರೆ ಆಸೆಯೇ ನನಗಿರಲಿಲ್ಲ.

ಕಡೆಯ ಸಲ ಬಂದಾಗ ಅವನಿಗೆ ಕೆಮ್ಮು, ಮೈ ಇಳಿದುಹೋಗಿತ್ತು. ನನ್ನ ಹೆಂಡತಿ ಗಂಗಮ್ಮ ಮುದ್ದೆ, ಹುರುಳಿ ಸಾರು ಮಾಡಿ ತಟ್ಟೆ ಇಟ್ಟಳು. "ಕುಂತ್ಕಳ್ರಿ ಮಾವ, ಒಂದು ತುತ್ತು ಉಣ್ರಿ."

ಅಪ್ಪ ಅಂಗಳ ನೋಡಿದ. ಬಾಗಿಲಿಂದ ರಸ್ತೆಯ ತನಕ ಸಿಮೆಂಟು. "ಎಲ್ಲಿ ನಿಲ್ಲಿಸ್ಲವ್ವ ಕುರೀನ?" ಎಂದ. ಮೊಂಡುತನವಿರಲಿಲ್ಲ ಆ ದನಿಯಲ್ಲಿ, ನಿಜಕ್ಕೂ ಜಾಗ ಹುಡುಕುತ್ತಿದ್ದ.

ನನಗೆ ತಟ್ಟನೆ ಹೊಳೆಯಿತು. ಮುದ್ದೆಯನ್ನು ಡಬ್ಬಿಗೆ ಹಾಕಿಸಿಕೊಂಡು ಅಪ್ಪನ ಕೈ ಹಿಡಿದು ಕಾಲೇಜಿನ ಕಡೆ ಕರೆದುಕೊಂಡು ಹೋದೆ. ಕಾಂಪೌಂಡಿನ ಆಚೆ, ಅಂದು ನಾವು ಹಿಕ್ಕೆ ಸುರಿದ ಜಾಗದಲ್ಲಿ, ಒಂದು ಜಾಲಿ ಮರ ಬೆಳೆದಿತ್ತು. ಕುರಿಗಳು ಜಾಲಿಕಾಯಿ ತಿಂದರೆ ಬೀಜ ಹಿಕ್ಕೆಯಲ್ಲಿ ಬಂದು ಮೊಳೆಯುತ್ತದೆಂದು ನಿಮಗೆ ಹೇಳಬೇಕಿಲ್ಲ.

"ಅವತ್ತು ಗುಡಿಸಿದ್ದನ್ನ ಇಲ್ಲೇ ಸುರಿದಿದ್ದು ಅಪ್ಪ. ನಮ್ಮ ಕುರೀದು. ನನ್ನ ಅನ್ನಕ್ಕೆ ನೀನು ಅವತ್ತೇ ಕುರಿ ನಿಲ್ಸಿದ್ದೀಯ."

ಅಪ್ಪ ಒಂದು ಕಾಯಿ ಕಿತ್ತು ಮುರಿದು ಮೂಸಿದ. ಕಾಂಡದ ಮೇಲೆ ಕೈಯಾಡಿಸಿದ. "ಎಸೆದ್ರೂ ಬೇರು ಹಿಡ್ದೈತೆ ನೋಡಪ್ಪ," ಎಂದ. ಆಮೇಲೆ ಕಂಬಳಿ ಹಾಸಿ ಕುಂತು ಕೈ ಚಾಚಿದ. "ತಾ, ಉಣ್ತೀನಿ."

ರಸ್ತೆಯಲ್ಲಿ ಬಸ್ಸುಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಗೋಡೆಯಾಚೆ ಹುಡುಗರು ಚೆಂಡು ಒದೆಯುವ ಸದ್ದು. ಅಪ್ಪ ತಲೆಯೆತ್ತದೆ ಅಷ್ಟೂ ಉಂಡ, ಡಬ್ಬಿ ತೊಳೆದ ನೀರನ್ನು ಮರದ ಬುಡಕ್ಕೆ ಹಾಕಿದ.

"ಮನೆಗೆ ಹೋಗಾಣ ನಡಿ ಅಪ್ಪ, ರಾತ್ರಿ ಮಲಗಿ ಹೋದರಾಯ್ತು," ಎಂದೆ.

"ನೀನು ಹೋಗಪ್ಪ," ಎಂದ. "ಕುರಿ ಕಾಯ್ತಿರ್ತಾವೆ."

ಅಲ್ಲಿಂದಲೇ ಬಸ್ಸು ಹತ್ತಿದ. ಆ ಬೇಸಿಗೆಯಲ್ಲಿ ಅವನು ತೀರಿಕೊಂಡ. ನನ್ನ ಸಂಪಾದನೆಯಲ್ಲಿ ಅಪ್ಪ ಉಂಡದ್ದು ಅದೊಂದೇ ಊಟ. ನಮ್ಮ ಮನೆಯಲ್ಲಂತೂ ಉಣ್ಣಲಿಲ್ಲ.